ಅಮೆರಿಕಕ್ಕೆ ಬಂದ ವಲಸಿಗರು ಮತ್ತು ಲೂಥರನ್ ಸಭೆಯ ಮೊದಲ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು 1619ರಿಂದ 1860ರವರೆಗಿನ ಕತೆ. ಸ್ವೀಡನ್, ಜರ್ಮನಿ, ಹಾಲೆಂಡ್, ನಾರ್ವೆಗಳಿಂದ ಹಡಗು ಹತ್ತಿದ ಜನ ಪೆಟ್ಟಿಗೆಯಲ್ಲಿ ಸತ್ಯವೇದ, ಕೀರ್ತನೆಗಳ ಪುಸ್ತಕ, ಲೂಥರನ ಕಿರು ಪ್ರಶ್ನೋತ್ತರಿ ಇಟ್ಟುಕೊಂಡು ಬಂದರು. ಪಾದ್ರಿಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ತರಲಾಗಲಿಲ್ಲ. ಊರಲ್ಲಿ ಅವನನ್ನು ನೇಮಿಸುತ್ತಿದ್ದುದು ರಾಜ, ಸಾಕುತ್ತಿದ್ದುದು ಸರ್ಕಾರ. ರಾಜನೂ ಬಿಷಪ್ಪನೂ ಇಲ್ಲದ ಕಾಡಿನಂಚಿನಲ್ಲಿ ಆ ಕೆಲಸ ಯಾರದು? ಕೆಳಗಿನ ಬಹುಪಾಲು ಪ್ರಶ್ನೆಗಳ ಬುಡದಲ್ಲಿರುವುದು ಇದೇ.

ಲೂಥರನ್ ಅಂದರೆ ಯಾರು? ಬೇರೆ ಪ್ರಾಟೆಸ್ಟೆಂಟರಿಗಿಂತ ಹೇಗೆ ಬೇರೆ?

1517ರಲ್ಲಿ ಜರ್ಮನಿಯ ವಿಟ್ಟನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಹುಟ್ಟಿದ ಕ್ರೈಸ್ತ ಸಭೆ ಇದು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ, ಕೃಪೆಯಿಂದ ಎಂಬುದು ಇದರ ತಿರುಳು. 1530ರ ಆಗ್ಸ್‌ಬರ್ಗ್ ಅರಿಕೆ ಇದರ ನಂಬಿಕೆಗಳನ್ನು ಸಾರುವ ಮುಖ್ಯ ದಾಖಲೆ. ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನು ನಿಜವಾಗಿ ಇದ್ದಾನೆ ಎಂದು ಲೂಥರನ್ನರು ನಂಬುತ್ತಾರೆ. ಇನ್ನೊಬ್ಬ ಮತಸುಧಾರಕ ಕ್ಯಾಲ್ವಿನ್ ಹಾದಿಯ ರಿಫಾರ್ಮ್ಡ್ ಸಭೆಯವರು ಅದನ್ನು ಹಾಗೆ ಒಪ್ಪುವುದಿಲ್ಲ. ದೂರದಿಂದ ಸಣ್ಣದಾಗಿ ಕಾಣುವ ಈ ಭೇದ ಮುಂದಿನ ಅನೇಕ ಜಗಳಗಳಿಗೆ ಕಾರಣವಾಗುತ್ತದೆ.

ಉತ್ತರ ಅಮೆರಿಕಕ್ಕೆ ಮೊದಲು ಕಾಲಿಟ್ಟ ಲೂಥರನ್ ಪಾದ್ರಿ ಯಾರು?

ಡೆನ್ಮಾರ್ಕಿನ ರಾಸ್ಮುಸ್ ಯೆನ್ಸನ್. ಏಷ್ಯಾಕ್ಕೆ ಉತ್ತರದ ಸಮುದ್ರಮಾರ್ಗ ಹುಡುಕಲು 1619ರಲ್ಲಿ ಹೊರಟ ಯೆನ್ಸ್ ಮುಂಕ್ ಎಂಬ ನಾವಿಕನ ಜೊತೆ ಅವರು ಬಂದರು. ಹಡಗುಗಳು ಹಡ್ಸನ್ ಕೊಲ್ಲಿಯ ದಡದಲ್ಲಿ, ಈಗಿನ ಚರ್ಚಿಲ್ ಊರಿನ ಬಳಿ, ಹಿಮದಲ್ಲಿ ಸಿಕ್ಕಿಕೊಂಡವು. ಆ ಚಳಿಗಾಲದಲ್ಲಿ ಒಬ್ಬೊಬ್ಬರಾಗಿ ಸತ್ತರು. 1620ರ ಫೆಬ್ರವರಿಯಲ್ಲಿ ಪಾದ್ರಿಯೂ ತೀರಿಕೊಂಡರು. ಹೊರಟ ಅರವತ್ತಕ್ಕೂ ಹೆಚ್ಚು ಮಂದಿಯಲ್ಲಿ ಮುಂಕ್ ಸೇರಿ ಊರಿಗೆ ಮರಳಿದವರು ಮೂವರೇ. ಅಲ್ಲಿ ನೆಲೆನಿಂತ ಸಭೆ ಯಾವುದೂ ಹುಟ್ಟಲಿಲ್ಲ. ಆದ್ದರಿಂದ ವಲಸಿಗರ ಕತೆಯನ್ನು 1638ರಿಂದ ಶುರುಮಾಡುವುದು ವಾಡಿಕೆ.

1638ರಲ್ಲಿ ಏನಾಯಿತು?

ಸ್ವೀಡನ್ನಿನ ಎರಡು ಹಡಗುಗಳು, ಕಲ್ಮಾರ್ ನೈಕೆಲ್ ಮತ್ತು ಫೋಗೆಲ್ ಗ್ರಿಪ್, ಡೆಲಾವೇರ್ ನದಿಗೆ ಬಂದವು. ಈಗಿನ ವಿಲ್ಮಿಂಗ್ಟನ್ ಊರಿರುವ ಜಾಗದಲ್ಲಿ ರಾಣಿಯ ಹೆಸರಿನಲ್ಲಿ ಫೋರ್ಟ್ ಕ್ರಿಸ್ಟೀನಾ ಎದ್ದಿತು. ವಸಾಹತಿನ ಹೆಸರು ನ್ಯೂ ಸ್ವೀಡನ್. ಸ್ವೀಡಿಷರ ಜೊತೆಗೆ ಫಿನ್‌ಲ್ಯಾಂಡಿನ ಜನವೂ ಇದ್ದರು. ಸ್ವಲ್ಪ ಕಾಲದಲ್ಲೇ ರಿಯೋರುಸ್ ಟೋರ್ಕಿಲ್ಲುಸ್ ಎಂಬ ಪಾದ್ರಿ ಬಂದು 1643ರಲ್ಲಿ ಅಲ್ಲೇ ತೀರಿಕೊಂಡರು. ಅದೇ ವರ್ಷ ಯೋಹಾನ್ ಕಂಪಾನಿಯುಸ್ ಬಂದರು.

ಕಂಪಾನಿಯುಸ್ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಅವರು ಆ ನದಿಯ ಮೂಲನಿವಾಸಿಗಳಾದ ಲೆನಾಪೆ ಜನರ ಮಾತು ಕಲಿತು ಲೂಥರನ ಕಿರು ಪ್ರಶ್ನೋತ್ತರಿಯನ್ನು ಆ ಭಾಷೆಗೆ ತಂದರು. ಯುರೋಪಿನ ರೊಟ್ಟಿ ಅಲ್ಲಿನವರ ದಿನನಿತ್ಯದ ಊಟವಲ್ಲವಲ್ಲ. ಹಾಗಾಗಿ ಪ್ರಭುವಿನ ಪ್ರಾರ್ಥನೆಯಲ್ಲಿ ರೊಟ್ಟಿ ಬರುವ ಕಡೆ ಜಿಂಕೆಮಾಂಸ ಮತ್ತು ಜೋಳ ಎಂದು ಬರೆದರು. ಕನ್ನಡದ ಸತ್ಯವೇದದಲ್ಲೂ ಆ ಸಾಲಿನಲ್ಲಿ ರೊಟ್ಟಿ ಇಲ್ಲ, ‘ಅನುದಿನದ ಆಹಾರ’ ಎಂದೇ ಇದೆ. ಅನುವಾದ ಮಾಡಿದವರಿಗೆ ಈ ತೊಡಕು ಎಲ್ಲೆಡೆ ಎದುರಾಗಿದೆ. ಕಂಪಾನಿಯುಸ್ 1648ರಲ್ಲಿ ಊರಿಗೆ ಮರಳಿದರು. ಪುಸ್ತಕ ಅಚ್ಚಾದದ್ದು 1696ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ, ಅವರು ಸತ್ತ ಮೇಲೆ.

ನ್ಯೂ ಸ್ವೀಡನ್ ಉಳಿಯಲಿಲ್ಲವೇ?

ಇಲ್ಲ. 1655ರಲ್ಲಿ ಡಚ್ಚರು ಅದನ್ನು ಗೆದ್ದರು, 1664ರಲ್ಲಿ ಡಚ್ಚರನ್ನು ಇಂಗ್ಲಿಷರು ಗೆದ್ದರು. ಸೋತ ಮೇಲೆ ಅಲ್ಲಿ ಉಳಿದ ಲೂಥರನ್ ಪಾದ್ರಿ ಲಾರ್ಸ್ ಲಾಕ್ ಒಬ್ಬರೇ. ಅವರು ತೀರಿಕೊಂಡ ಮೇಲೆ ಜನ ಸ್ವೀಡನ್ನಿಗೆ ಪತ್ರ ಬರೆದು ಕಾದರು. ಕೊನೆಗೆ 1697ರಲ್ಲಿ ರಾಜ ಹನ್ನೊಂದನೇ ಕಾರ್ಲ್ ಕಳಿಸಿದ ಮೂವರು ಪಾದ್ರಿಗಳು ಬಂದು ಇಳಿದರು: ರುಡ್‌ಮನ್, ಬ್ಯೋರ್ಕ್, ಔರೇನ್. ವಿಲ್ಮಿಂಗ್ಟನ್ನಿನ ಹೋಲಿ ಟ್ರಿನಿಟಿ 1699ರಲ್ಲಿ, ಫಿಲಡೆಲ್ಫಿಯಾದ ಗ್ಲೋರಿಯಾ ಡೇಯಿ 1700ರಲ್ಲಿ ಪ್ರತಿಷ್ಠೆಯಾದವು.

ನ್ಯೂಯಾರ್ಕಿನಲ್ಲಿ ಲೂಥರನ್ ಪಾದ್ರಿಯನ್ನು ಹಡಗು ಹತ್ತಿಸಿ ವಾಪಸ್ ಕಳಿಸಿದ್ದು ನಿಜವೇ?

ನಿಜ. ಅದು ಇನ್ನೂ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿದ್ದ ಕಾಲ. ಡಚ್ ವಸಾಹತಿನಲ್ಲಿ ರಿಫಾರ್ಮ್ಡ್ ಸಭೆಯೊಂದಕ್ಕೇ ಬಹಿರಂಗ ಆರಾಧನೆಯ ಹಕ್ಕು. 1649ರಲ್ಲೇ ಲೂಥರನ್ನರು ಆಮ್‌ಸ್ಟರ್‌ಡ್ಯಾಮಿನ ಲೂಥರನ್ ಹಿರಿಯರಿಗೆ ಪಾದ್ರಿ ಬೇಕೆಂದು ಬರೆದಿದ್ದರು. ಮುಖ್ಯಾಧಿಕಾರಿ ಪೀಟರ್ ಸ್ಟೈವಸೆಂಟ್ 1656ರಲ್ಲಿ ಮನೆಗಳಲ್ಲಿ ಸೇರಿ ಪ್ರಾರ್ಥಿಸುವುದನ್ನೂ ದಂಡನೀಯ ಮಾಡಿದರು. ಮರುವರ್ಷ ಯೋಹಾನ್ನೆಸ್ ಗುಟ್‌ವಾಸರ್ ಎಂಬ ಪಾದ್ರಿ ಬಂದಿಳಿದರು. ಅವರಿಗೆ ಬೋಧಿಸಲು ಬಿಡಲಿಲ್ಲ, ಊರು ಬಿಡಲು ಆಜ್ಞೆಯಾಯಿತು. ಕೆಲಕಾಲ ರೈತರೊಬ್ಬರ ಮನೆಯಲ್ಲಿ ಅಡಗಿದ್ದರು. 1659ರಲ್ಲಿ ಹಿಡಿದು ಕಳಿಸಿಬಿಟ್ಟರು.

ಯುರೋಪಿನಲ್ಲಿ ಸ್ವೀಡನ್, ಡೆನ್ಮಾರ್ಕ್, ಜರ್ಮನಿಯ ಎಷ್ಟೋ ಸಂಸ್ಥಾನಗಳಲ್ಲಿ ಲೂಥರನ್ನರೇ ಆಳುವವರ ಮತ. ಅಲ್ಲಿ ಬೇರೆಯವರನ್ನು ಅವರೂ ಇದೇ ರೀತಿ ನಡೆಸಿಕೊಂಡದ್ದುಂಟು. ಹಡ್ಸನ್ ದಡದಲ್ಲಿ ಅವರು ಅಲ್ಪಸಂಖ್ಯಾತರಾಗಿ ಬದುಕುವುದನ್ನು ಕಲಿತರು. ಆ ಪಾಠ ಮುಖ್ಯವಾದದ್ದು ಎಂದು ನನಗನ್ನಿಸುತ್ತದೆ. 1664ರಲ್ಲಿ ಇಂಗ್ಲಿಷರು ಬಂದ ಮೇಲೆ ಗವರ್ನರ್ ನಿಕೋಲ್ಸ್ ಅನುಮತಿ ಕೊಟ್ಟರು. ಪಾದ್ರಿ ಸಿಕ್ಕಿದ್ದು 1669ರಲ್ಲಿ: ಪತ್ರ ಬರೆದು ಇಪ್ಪತ್ತು ವರ್ಷವಾಗಿತ್ತು.

ಅಮೆರಿಕದ ನೆಲದಲ್ಲೇ ಮೊದಲು ಗುರುಪಟ್ಟ ಪಡೆದವರು ಯಾರು?

ಯುಸ್ಟುಸ್ ಫಾಲ್ಕ್‌ನರ್. 1703ರ ನವೆಂಬರ್ 24ರಂದು ಗ್ಲೋರಿಯಾ ಡೇಯಿ ಚರ್ಚಿನಲ್ಲಿ. ಅವರು ಜರ್ಮನರು, ಗುರುಪಟ್ಟ ಕೊಟ್ಟವರು ಸ್ವೀಡಿಷರು, ಅವರು ಹೋಗಿ ಸೇವೆ ಮಾಡಿದ್ದು ನ್ಯೂಯಾರ್ಕಿನ ಡಚ್ ಸಭೆಗೆ. ಊರಿನಲ್ಲಿದ್ದಿದ್ದರೆ ಈ ಮೂವರು ಒಂದೇ ಚರ್ಚಿನಲ್ಲಿ ಕೂರುವ ಸಂದರ್ಭವೇ ಬರುತ್ತಿರಲಿಲ್ಲ. ಫಾಲ್ಕ್‌ನರ್ ಇಪ್ಪತ್ತು ವರ್ಷ ಹಡ್ಸನ್ ಕಣಿವೆಯಲ್ಲೂ ನ್ಯೂಜೆರ್ಸಿಯಲ್ಲೂ ಓಡಾಡಿದರು. ಅವರ ದೀಕ್ಷಾಸ್ನಾನದ ದಾಖಲೆಯಲ್ಲಿ ನ್ಯೂಜೆರ್ಸಿಯ ಸ್ವತಂತ್ರ ಕಪ್ಪು ದಂಪತಿ ಆರಿಯೆ ವಾನ್ ಗಿನಿ ಮತ್ತು ಯೋರಾ ಅವರ ಮಗುವಿನ ಹೆಸರೂ ಇದೆ, 1705ರದು.

ಜರ್ಮನರು ಅಷ್ಟೊಂದು ಜನ ಯಾಕೆ ಬಂದರು?

ಯುದ್ಧ, ಬರ, ತೆರಿಗೆ. ರೈನ್ ನದಿಯ ಪ್ಯಾಲಟಿನೇಟ್ ಸೀಮೆಯನ್ನು ಫ್ರೆಂಚ್ ಸೈನ್ಯ ಮತ್ತೆಮತ್ತೆ ಸುಟ್ಟಿತ್ತು. ಅದರ ಮೇಲೆ 1708–09ರ ಭೀಕರ ಚಳಿಗಾಲದಲ್ಲಿ ದ್ರಾಕ್ಷಿತೋಟಗಳು ಸತ್ತವು. 1709ರಲ್ಲಿ ಸುಮಾರು 13,000 ಜನ ಲಂಡನ್ನಿಗೆ ಬಂದು ಗುಡಾರಗಳಲ್ಲಿ ಕೂತರು. ಅವರಲ್ಲಿ ಸುಮಾರು 3,000 ಜನರನ್ನು 1710ರಲ್ಲಿ ನ್ಯೂಯಾರ್ಕಿಗೆ ಸಾಗಿಸಿದರು. ದಾರಿಯಲ್ಲಿ ಮತ್ತು ಬಂದ ಕೂಡಲೇ ನೂರಾರು ಜನ ಸತ್ತರು. ಉಳಿದವರು ಬ್ರಿಟಿಷ್ ನೌಕಾಪಡೆಗೆ ಪೈನ್ ಮರದಿಂದ ಡಾಂಬರು ತೆಗೆದು ಹಡಗಿನ ಖರ್ಚು ತೀರಿಸಬೇಕೆಂಬುದು ಸರ್ಕಾರದ ಯೋಜನೆ. ಅದು ನೆಲಕಚ್ಚಿತು. ಹಸಿದ ಜನ ಸ್ಕೋಹರಿ ಕಣಿವೆಗೆ ಹೋದರು, ಅಲ್ಲೂ ಜಮೀನಿನ ಹಕ್ಕುಪತ್ರದ ಜಗಳ ಹತ್ತಿ, 1723ರಲ್ಲಿ ಒಂದು ಗುಂಪು ನದಿಯಲ್ಲಿ ತೇಲಿಕೊಂಡು ಪೆನ್ಸಿಲ್ವೇನಿಯಾದ ತುಲ್ಪೆಹೋಕನ್‌ಗೆ ಬಂತು. ಇವರಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಸಭೆಯವರೂ ಇದ್ದರು. ಮುಂದೆ ಎಷ್ಟೋ ಹಳ್ಳಿಗಳಲ್ಲಿ ಎರಡು ಸಭೆಗಳೂ ಕೂಡಿ ಒಂದೇ ಕಟ್ಟಡ ಕಟ್ಟಿ ವಾರ ಬಿಟ್ಟು ವಾರ ಬಳಸುತ್ತಿದ್ದವು.

ಹಡಗಿನ ಖರ್ಚಿಗೆ ದುಡ್ಡಿಲ್ಲದವರು ಏನು ಮಾಡುತ್ತಿದ್ದರು?

ತಮ್ಮ ದುಡಿಮೆಯನ್ನೇ ಒತ್ತೆಯಿಡುತ್ತಿದ್ದರು. ಫಿಲಡೆಲ್ಫಿಯಾ ಬಂದರಿನಲ್ಲಿ ಹಡಗು ನಿಂತಾಗ ಕೊಳ್ಳುವವರು ಹತ್ತಿ ಬಂದು, ಪ್ರಯಾಣದ ಹಣ ಕೊಟ್ಟು, ಮೂರರಿಂದ ಆರು ವರ್ಷದ ದುಡಿಮೆಗೆ ಜನರನ್ನು ಕರೆದೊಯ್ಯುತ್ತಿದ್ದರು. ಮಕ್ಕಳು ಇಪ್ಪತ್ತೊಂದು ವರ್ಷವಾಗುವವರೆಗೂ ದುಡಿಯಬೇಕಾಗುತ್ತಿತ್ತು. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ ಆಗುತ್ತಿದ್ದುದುಂಟು. ನಮ್ಮ ಕಡೆಯ ಜೀತದ ನೆನಪು ಬರುವುದು ಸಹಜ, ಆದರೆ ಇದಕ್ಕೆ ಅವಧಿ ಇತ್ತು, ಆ ಮೇಲೆ ಬಿಡುಗಡೆ ಇತ್ತು. 1750ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಒಂದು ಆರ್ಗನ್ ವಾದ್ಯ ತಂದ ಗಾಟ್‌ಲೀಬ್ ಮಿಟ್ಟೆಲ್‌ಬರ್ಗರ್ ಎಂಬ ಶಾಲಾಮೇಷ್ಟ್ರು ನಾಲ್ಕು ವರ್ಷ ಇದ್ದು ಮರಳಿ ಹೋಗಿ, ಹಡಗಿನ ಹಸಿವು, ರೋಗ, ಈ ಮಾರಾಟ ಎಲ್ಲವನ್ನೂ ಬರೆದು ತಮ್ಮ ಜನರನ್ನು ಎಚ್ಚರಿಸಿದರು. ಜನ ಬರುವುದು ನಿಲ್ಲಲಿಲ್ಲ.

ಸಾಲ್ಜ್‌ಬರ್ಗಿನವರು ಯಾರು? ಜಾರ್ಜಿಯಾಕ್ಕೆ ಹೇಗೆ ಬಂದರು?

ಬೇರೆಯವರು ಹೊಟ್ಟೆಪಾಡಿಗೆ ಬಂದರು ಅನ್ನಬಹುದು. ಇವರು ಬಂದದ್ದು ನಂಬಿಕೆಗಾಗಿಯೇ. ಈಗಿನ ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗಿನ ಕ್ಯಾಥೋಲಿಕ್ ಆರ್ಚ್‌ಬಿಷಪ್ ಫಿರ್ಮಿಯನ್ 1731ರ ಅಕ್ಟೋಬರ್ 31ರ ದಿನಾಂಕ ಹಾಕಿ ಪ್ರಾಟೆಸ್ಟೆಂಟರ ಗಡೀಪಾರಿಗೆ ಆಜ್ಞೆ ಹೊರಡಿಸಿದರು. ಲೂಥರನ್ನರು ಮತಸುಧಾರಣೆಯ ಹಬ್ಬವಾಗಿ ಆಚರಿಸುವ ದಿನವೇ ಅದು. ಸುಮಾರು 20,000 ಜನ ಚಳಿಗಾಲದಲ್ಲಿ ಮನೆ ಬಿಟ್ಟರು. ಬಹುಪಾಲು ಜನರಿಗೆ ಜರ್ಮನಿಯ ಪ್ರಷ್ಯಾ ಸಂಸ್ಥಾನದ ರಾಜ ನೆಲ ಕೊಟ್ಟ. ಒಂದು ಸಣ್ಣ ತಂಡ ಮಾತ್ರ ಅಟ್ಲಾಂಟಿಕ್ ದಾಟಿ 1734ರ ಮಾರ್ಚಿನಲ್ಲಿ ಸವಾನಾಕ್ಕೆ ಬಂತು. ಜೊತೆಗೆ ಬಂದ ಪಾದ್ರಿಗಳು ಯೋಹಾನ್ ಮಾರ್ಟಿನ್ ಬೋಲ್ಟ್‌ಸಿಯುಸ್ ಮತ್ತು ಇಸ್ರಾಯೇಲ್ ಗ್ರೋನಾವ್.

ಅವರು ಊರಿಗಿಟ್ಟ ಹೆಸರು ಎಬೆನೇಜರ್. ‘ಸಹಾಯದ ಕಲ್ಲು’ ಎಂದು ಅರ್ಥ. ಮೊದಲ ಜಾಗದಲ್ಲಿ ಜೌಗು, ಜ್ವರ, ಬೆಳೆ ಬರದ ಮಣ್ಣು. ಎಷ್ಟೋ ಜನ ಸತ್ತರು. 1736ರಲ್ಲಿ ಸವಾನಾ ನದಿಯ ದಿಬ್ಬಕ್ಕೆ ಊರನ್ನು ಎತ್ತಿಕೊಂಡು ಹೋದರು. ಅಲ್ಲಿ ಅನಾಥಾಶ್ರಮ, ಹಿಟ್ಟಿನ ಗಿರಣಿ, ರೇಷ್ಮೆ ಹುಳು ಸಾಕಣೆ ಎಲ್ಲ ಬಂತು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಸಾಕಿದ ಆ ಹೆಂಗಸರ ಕೆಲಸ ರಾಮನಗರದ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಬೋಲ್ಟ್‌ಸಿಯುಸ್ ಗುಲಾಮಗಿರಿಯನ್ನು ಬಲವಾಗಿ ವಿರೋಧಿಸಿದರು. ಜಾರ್ಜಿಯಾದಲ್ಲಿ ಆಗ ಅದು ನಿಷಿದ್ಧವೂ ಆಗಿತ್ತು. ಅಕ್ಕಪಕ್ಕದ ಜಮೀನುದಾರರು ವರ್ಷಗಟ್ಟಲೆ ಒತ್ತಿ, 1751ರಿಂದ ನಿಷೇಧ ತೆಗೆಸಿದರು. ಕೊನೆಗೆ ಎಬೆನೇಜರಿನವರೂ ಗುಲಾಮರನ್ನು ಇಟ್ಟುಕೊಂಡರು. ಮನೆಮಠ ಬಿಟ್ಟು ನಂಬಿಕೆ ಉಳಿಸಿಕೊಂಡು ಬಂದವರು ಇಲ್ಲಿ ಸೋತರು. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ಬರೆಯದೆ ಬಿಡುವುದು ತಪ್ಪು.

ಪಾದ್ರಿಗಳ ಕೊರತೆ ಅಷ್ಟು ಗಂಭೀರವಾಗಿತ್ತೇ?

ಒಂದು ಉದಾಹರಣೆ ಸಾಕು. ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ, ನ್ಯೂ ಹ್ಯಾನೋವರ್, ಪ್ರಾವಿಡೆನ್ಸ್ ಎಂಬ ಮೂರು ಊರಿನ ಸಭೆಗಳು ಒಟ್ಟಾಗಿ 1733ರಲ್ಲಿ ಪ್ರತಿನಿಧಿಗಳನ್ನು ಯುರೋಪಿಗೆ ಕಳಿಸಿದವು. ಪಾದ್ರಿ ಬೇಕು, ಚರ್ಚ್ ಕಟ್ಟಲು ಹಣ ಬೇಕು ಎಂಬುದು ಮನವಿ. ಜರ್ಮನಿಯ ಹಾಲೆ ನಗರದ ಧರ್ಮಸಂಸ್ಥೆಯವರು ಕೇಳಿದ್ದು: ಸಂಬಳ ಎಷ್ಟು ಎಂದು ಬರೆದುಕೊಡಿ. ಊರವರ ಉತ್ತರ: ಮೊದಲು ಪಾದ್ರಿ ಬರಲಿ, ನೋಡಿ ಕೊಡುತ್ತೇವೆ. ಇಬ್ಬರದೂ ನ್ಯಾಯವೇ. ಸರ್ಕಾರದ ಸಂಬಳಕ್ಕೆ ಒಗ್ಗಿದವರಿಗೆ ಭರವಸೆ ಬೇಕಿತ್ತು. ಕಾಡು ಕಡಿದು ಬೆಳೆ ತೆಗೆಯುತ್ತಿದ್ದ ರೈತನಿಗೆ ವರ್ಷದ ಮಾತು ಕೊಡುವ ಧೈರ್ಯವಿರಲಿಲ್ಲ. ಈ ಪತ್ರವ್ಯವಹಾರದಲ್ಲೇ ಒಂಬತ್ತು ವರ್ಷ ಕಳೆಯಿತು.

ಅಷ್ಟರೊಳಗೆ ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಯಾರು ಕೊಡಬೇಕು? ಸತ್ತವರನ್ನು ಯಾರು ಹೂಳಬೇಕು? ಎಷ್ಟೋ ಊರುಗಳಲ್ಲಿ ಶಾಲಾಮೇಷ್ಟ್ರು ಅಚ್ಚಾದ ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ಓದಿ ಹೇಳುತ್ತಿದ್ದರು. ಈ ಖಾಲಿ ಜಾಗಕ್ಕೆ ನಕಲಿ ಪಾದ್ರಿಗಳು ನುಗ್ಗಿದರು. ಊರಿನಲ್ಲಿ ಪದವಿ ಕಳೆದುಕೊಂಡವರು, ಗುರುಪಟ್ಟವೇ ಇಲ್ಲದವರು ಕಪ್ಪು ನಿಲುವಂಗಿ ತೊಟ್ಟು ಬರುತ್ತಿದ್ದರು. ದೀಕ್ಷಾಸ್ನಾನಕ್ಕೆ ಇಷ್ಟು, ಮದುವೆಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುತ್ತಿದ್ದರು.

ಮ್ಯೂಲೆನ್‌ಬರ್ಗ್ ಅವರನ್ನು ಅಮೆರಿಕದ ಲೂಥರನ್ ಸಭೆಯ ಪಿತಾಮಹ ಎನ್ನುವುದೇಕೆ?

ಹೈನ್ರಿಕ್ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್ ಹುಟ್ಟಿದ್ದು 1711ರಲ್ಲಿ, ಜರ್ಮನಿಯ ಐನ್‌ಬೆಕ್‌ನಲ್ಲಿ. ಆ ಮೂರು ಸಭೆಗಳಿಗೆ ಹಾಲೆಯವರು ಕೊನೆಗೂ ಕಳಿಸಿದ ಪಾದ್ರಿ ಇವರೇ. ಹಾಲೆಯವರು ಅವಸರಪಟ್ಟದ್ದಕ್ಕೂ ಕಾರಣವಿದೆ: ಮೊರೇವಿಯನ್ ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದ ನಾಯಕ ಕೌಂಟ್ ಜಿನ್‌ಜೆನ್‌ಡಾರ್ಫ್ ಫಿಲಡೆಲ್ಫಿಯಾಕ್ಕೆ ಹೋಗಿ ಲೂಥರನ್ನರಿಗೆ ತಾನೇ ಪಾದ್ರಿ ಎಂದು ಕೂತಿದ್ದರು.

1742ರ ನವೆಂಬರ್ 25ರಂದು ಮ್ಯೂಲೆನ್‌ಬರ್ಗ್ ಫಿಲಡೆಲ್ಫಿಯಾಕ್ಕೆ ಬಂದಾಗ ಎದುರುಗೊಳ್ಳಲು ಯಾರೂ ಇರಲಿಲ್ಲ. ಒಂದು ಕಡೆ ಜಿನ್‌ಜೆನ್‌ಡಾರ್ಫ್, ಇನ್ನೊಂದು ಕಡೆ ಜರ್ಮನಿಯಲ್ಲಿ ಪದಚ್ಯುತನಾಗಿದ್ದ ವ್ಯಾಲೆಂಟಿನ್ ಕ್ರಾಫ್ಟ್. ಮ್ಯೂಲೆನ್‌ಬರ್ಗ್ ತಮ್ಮ ನೇಮಕಪತ್ರ ತೋರಿಸಿದರು, ಹಿರಿಯರ ಮುಂದೆ ಓದಿಸಿದರು, ಸಹಿ ಹಾಕಿಸಿಕೊಂಡರು. ಒಂದು ತಿಂಗಳೊಳಗೆ ಮೂರೂ ಸಭೆಗಳು ಇವರವಾದವು. ಹೊಸ ವರ್ಷಕ್ಕೆ ಕೌಂಟ್ ಫಿಲಡೆಲ್ಫಿಯಾ ಬಿಟ್ಟರು.

ನಂತರದ ನಲವತ್ತು ವರ್ಷ ಕುದುರೆಯ ಮೇಲೆ ಕಳೆಯಿತು ಅಂದರೆ ಹೆಚ್ಚಲ್ಲ. ಜರ್ಮನ್, ಡಚ್, ಇಂಗ್ಲಿಷ್ ಮೂರರಲ್ಲೂ ಬೋಧಿಸುತ್ತಿದ್ದರು. ಜಗಳ ಬಿದ್ದ ಸಭೆಗಳಿಗೆ ಹೋಗಿ ಕೂತು ಪಂಚಾಯಿತಿ ಮಾಡುತ್ತಿದ್ದರು. 1748ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಸೇಂಟ್ ಮೈಕೇಲ್ ಚರ್ಚಿನಲ್ಲಿ ಪಾದ್ರಿಗಳನ್ನೂ ಸಭೆಗಳ ಪ್ರತಿನಿಧಿಗಳನ್ನೂ ಸೇರಿಸಿದರು. ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ ಎಂದು ಹೆಸರಾದ ಈ ಕೂಟವೇ ಅಮೆರಿಕದ ಮೊದಲ ಶಾಶ್ವತ ಲೂಥರನ್ ಸಿನೋಡ್, ಅಂದರೆ ಹಲವು ಸಭೆಗಳ ಒಕ್ಕೂಟ. ಅದೇ ದಿನಗಳಲ್ಲಿ ಯೋಹಾನ್ ನಿಕೋಲಾಸ್ ಕುರ್ಟ್ಸ್ ಎಂಬುವರಿಗೆ ಗುರುಪಟ್ಟ ಕೊಟ್ಟರು, ಎಲ್ಲರಿಗೂ ಒಂದೇ ಆರಾಧನಾಕ್ರಮ ಒಪ್ಪಿಸಿದರು. ಫಿಲಡೆಲ್ಫಿಯಾ ಸಭೆಗೆ 1762ರಲ್ಲಿ ಬರೆದ ನಿಯಮಾವಳಿಯಲ್ಲಿ ಹಿರಿಯರನ್ನು ಆರಿಸುವವರು ಸಭೆಯ ಸದಸ್ಯರು. ಅದನ್ನು ನೋಡಿ ಬೇರೆ ಸಭೆಗಳೂ ತಮ್ಮ ನಿಯಮ ಬರೆದುಕೊಂಡವು. ಪಾದ್ರಿಯನ್ನು ಕರೆಸುವುದೂ ಸಾಕುವುದೂ ನಮ್ಮದೇ ಕೆಲಸ ಎಂದು ಜನ ಕಾಗದದ ಮೇಲೆ ಒಪ್ಪಿಕೊಂಡದ್ದು ಇಲ್ಲಿ. ನನ್ನ ಮಟ್ಟಿಗೆ ಮ್ಯೂಲೆನ್‌ಬರ್ಗರ ಹಿರಿಮೆ ಅವರ ಪ್ರಸಂಗಗಳಿಗಿಂತ ಈ ನಿಯಮಾವಳಿಯಲ್ಲಿದೆ.

ಹಾಲೆ ಎಂಬ ಹೆಸರು ಭಾರತದ ಇತಿಹಾಸದಲ್ಲೂ ಕೇಳಿದ ಹಾಗಿದೆ?

ಕೇಳಿರುತ್ತೀರಿ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಬಾರ್ತೊಲೊಮೆಯುಸ್ ಜೀಗನ್‌ಬಾಲ್ಗ್ ಮತ್ತು ಹೈನ್ರಿಕ್ ಪ್ಲುಟ್‌ಶೌ ಆಗಸ್ಟ್ ಹರ್ಮನ್ ಫ್ರಾಂಕೆ ಕಟ್ಟಿದ ಹಾಲೆ ಸಂಸ್ಥೆಯ ನಂಟಿನವರೇ. ಅನಾಥಾಶ್ರಮ, ಶಾಲೆ, ಔಷಧಾಲಯ, ಮುದ್ರಣಾಲಯ ಎಲ್ಲ ಸೇರಿದ ದೊಡ್ಡ ಸಂಸ್ಥೆ ಅದು. ತರಂಗಂಬಾಡಿಯಿಂದಲೂ ಎಬೆನೇಜರಿನಿಂದಲೂ ಪೆನ್ಸಿಲ್ವೇನಿಯಾದಿಂದಲೂ ವರದಿಗಳು ಹಾಲೆಗೇ ಹೋಗುತ್ತಿದ್ದವು, ಅಚ್ಚಾಗಿ ಭಕ್ತರ ಕೈ ಸೇರುತ್ತಿದ್ದವು.

ಒಂದೇ ಮತದ ಅಂತರದಲ್ಲಿ ಜರ್ಮನ್ ಅಮೆರಿಕದ ಆಡಳಿತ ಭಾಷೆ ಆಗುವುದು ತಪ್ಪಿತಂತೆ, ಹೌದೇ?

ಅಲ್ಲ. ಇದು ದಂತಕತೆ, ಆದರೆ ಹುಟ್ಟಿದ ಬಗೆ ಕುತೂಹಲದ್ದು. ವರ್ಜೀನಿಯಾದ ಜರ್ಮನರು ಒಕ್ಕೂಟದ ಕಾನೂನುಗಳನ್ನು ಜರ್ಮನ್ ಭಾಷೆಯಲ್ಲೂ ಅಚ್ಚುಮಾಡಿ ಎಂದು ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟಿದ್ದರು. 1795ರ ಜನವರಿಯಲ್ಲಿ ಈ ಚರ್ಚೆಯ ನಡುವೆ ಸದನವನ್ನು ಮುಂದೂಡುವ ಸೂಚನೆಯೊಂದು 42–41ರಲ್ಲಿ ಬಿದ್ದುಹೋಯಿತು. ಕೇಳಿದ್ದು ಅನುವಾದ ಮಾತ್ರ, ಆಡಳಿತ ಭಾಷೆಯ ಮಾತೇ ಇರಲಿಲ್ಲ. ಆಗ ಸದನದ ಸ್ಪೀಕರ್ ಆಗಿದ್ದವರು ಮ್ಯೂಲೆನ್‌ಬರ್ಗರ ಮಗ ಫ್ರೆಡರಿಕ್, ಸ್ವತಃ ಲೂಥರನ್ ಪಾದ್ರಿಯಾಗಿದ್ದವರು, 1789ರಲ್ಲಿ ಅಮೆರಿಕದ ಮೊದಲ ಸ್ಪೀಕರ್ ಆಗಿ ಆಯ್ಕೆಯಾದವರು. ಜರ್ಮನನೇ ಜರ್ಮನ್ ಭಾಷೆಯನ್ನು ಸೋಲಿಸಿದ ಎಂಬ ಕತೆಗೆ ಅವರ ಹೆಸರು ಅಂಟಿಕೊಂಡಿತು.

ಚರ್ಚಿನೊಳಗೆ ಭಾಷೆಯ ಜಗಳ ಇರಲಿಲ್ಲವೇ?

ಇತ್ತು, ಜೋರಾಗಿಯೇ ಇತ್ತು. ಮೊದಲು ಕರಗಿದ್ದು ಸ್ವೀಡಿಷ್. ಡೆಲಾವೇರ್ ದಡದ ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆ ಬರುತ್ತಿರಲಿಲ್ಲ, ಸ್ವೀಡನ್ನಿನಿಂದ ಬರುತ್ತಿದ್ದ ಪಾದ್ರಿಗಳೂ ನಿಂತರು. ಗ್ಲೋರಿಯಾ ಡೇಯಿಯ ಕೊನೆಯ ಸ್ವೀಡಿಷ್ ಪಾದ್ರಿ ನಿಲ್ಸ್ ಕೊಲಿನ್ 1831ರಲ್ಲಿ ತೀರಿಕೊಂಡರು. 1845ರಲ್ಲಿ ಆ ಸಭೆ, ಇಂಗ್ಲೆಂಡಿನ ಸಭೆಯ ಅಮೆರಿಕದ ಕವಲಾದ ಎಪಿಸ್ಕೋಪಲ್ ಸಭೆಯ ಪಾಲಾಯಿತು.

ಜರ್ಮನರು ಇದನ್ನು ಕಂಡು ಹೆದರಿದ್ದರು. ಫಿಲಡೆಲ್ಫಿಯಾದಲ್ಲಿ ಇಂಗ್ಲಿಷ್ ಆರಾಧನೆ ಬೇಕೆಂದು ಒಂದು ಪಕ್ಷ, ಕೂಡದೆಂದು ಇನ್ನೊಂದು. 1805ರಲ್ಲಿ ಮಿನಿಸ್ಟೀರಿಯಂ ತಾನು ಜರ್ಮನ್ ಭಾಷೆಯ ಸಂಸ್ಥೆಯಾಗಿಯೇ ಉಳಿಯಬೇಕೆಂದು ನಿರ್ಣಯಿಸಿತು. ಮರುವರ್ಷ ಇಂಗ್ಲಿಷ್ ಪಕ್ಷದವರು ಹೊರಬಂದು ಸೇಂಟ್ ಜಾನ್ ಸಭೆ ಕಟ್ಟಿದರು. ಆ ಪಕ್ಷದ ಮುಂದಾಳು ಯಾರು ಗೊತ್ತೇ? ಮ್ಯೂಲೆನ್‌ಬರ್ಗರ ಹಿರಿಯ ಮಗ, ಸ್ವಾತಂತ್ರ್ಯ ಸಮರದಲ್ಲಿ ಜನರಲ್ ಆಗಿದ್ದ ಪೀಟರ್. ಜಗಳ ಅಲ್ಲಿಗೆ ನಿಲ್ಲದೆ 1816ರಲ್ಲಿ ಕೋರ್ಟು ಮೆಟ್ಟಿಲು ಹತ್ತಿತು.

ಇದರಲ್ಲಿ ಒಂದು ಪಕ್ಷ ಸರಿ, ಇನ್ನೊಂದು ತಪ್ಪು ಎಂದು ನಾನು ಹೇಳಲಾರೆ. ಪ್ರಾರ್ಥನೆ ಎದೆಗೆ ಇಳಿಯುವುದು ತಾಯಿನುಡಿಯಲ್ಲಿ ಎನ್ನುವ ತಂದೆ, ಆ ನುಡಿಯೇ ಬಾರದ ಮಗ. ಹೊರದೇಶದ ಕನ್ನಡ ಕೂಟಗಳಲ್ಲಿ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ನಿರೂಪಣೆ ಮಾಡಬೇಕೇ ಬೇಡವೇ ಎಂದು ನಡೆಯುವ ಮಾತುಗಳನ್ನು ಕೇಳಿದವರಿಗೆ ಇಬ್ಬರ ಸಂಕಟವೂ ಅರ್ಥವಾಗುತ್ತದೆ.

ಕಪ್ಪು ಜನರಿಗೆ ಈ ಸಭೆಯಲ್ಲಿ ಜಾಗವಿತ್ತೇ?

ದಾಖಲೆಗಳಲ್ಲಿ ಮೊದಲಿನಿಂದ ಇದ್ದಾರೆ, ಅಧಿಕಾರದಲ್ಲಿ ಬಹಳ ಕಾಲ ಇರಲಿಲ್ಲ. ಜೀಹು ಜೋನ್ಸ್ ಚಾರ್ಲ್ಸ್‌ಟನ್ನಿನವರು. 1832ರಲ್ಲಿ ನ್ಯೂಯಾರ್ಕಿಗೆ ಹೋಗಿ ಗುರುಪಟ್ಟ ಪಡೆದು ಅಮೆರಿಕದ ಮೊದಲ ಕಪ್ಪು ಲೂಥರನ್ ಪಾದ್ರಿಯಾದರು. ತಮ್ಮ ಊರಿಗೆ ಮರಳಿದಾಗ, ರಾಜ್ಯ ಬಿಟ್ಟು ಹೋದ ಸ್ವತಂತ್ರ ಕಪ್ಪು ವ್ಯಕ್ತಿ ಹಿಂದಿರುಗಬಾರದು ಎಂಬ ಕಾನೂನಿನಡಿ ಅವರನ್ನು ಜೈಲಿಗೆ ಹಾಕಿದರು. ಆಮೇಲೆ ಫಿಲಡೆಲ್ಫಿಯಾದಲ್ಲಿ ಸೇಂಟ್ ಪಾಲ್ ಚರ್ಚ್ ಕಟ್ಟಿಸಿದರು. ಸಾಲ ತೀರಿಸಲು ನೆರವು ಸಿಗದೆ ಕೆಲವೇ ವರ್ಷಗಳಲ್ಲಿ ಕಟ್ಟಡ ಕೈತಪ್ಪಿತು. ಗೆಟಿಸ್‌ಬರ್ಗ್ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರುಮಾಡುವ ಶಾಲೆಯಲ್ಲಿ, ಓದಿದ ಡೇನಿಯಲ್ ಪೇನ್ 1839ರಲ್ಲಿ ಗುರುಪಟ್ಟ ಪಡೆದದ್ದು ಫ್ರಾಂಕಿಯನ್ ಸಿನೋಡಿನಿಂದ. ಗುಲಾಮಗಿರಿಯನ್ನು ನೇರವಾಗಿ ಪಾಪವೆಂದು ಸಾರಿದ ಸಣ್ಣ ಸಿನೋಡ್ ಅದು. ಪೇನ್ ಮುಂದೆ ಕಪ್ಪು ಜನರೇ ಕಟ್ಟಿಕೊಂಡ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಹೋಗಿ ಬಿಷಪ್ ಆದರು. ಇಂಥವರನ್ನು ಉಳಿಸಿಕೊಳ್ಳಲು ಲೂಥರನ್ನರಿಗೆ ಆಗಲಿಲ್ಲ.

ಮಿಸೌರಿ ಸಿನೋಡ್ ಹುಟ್ಟಿದ್ದು ಹೇಗೆ? ಬಿಷಪ್ಪನನ್ನು ದೋಣಿಯಲ್ಲಿ ಕೂರಿಸಿ ಕಳಿಸಿದ ಕತೆ ನಿಜವೇ?

ನಿಜ. 1817ರಲ್ಲಿ ಪ್ರಷ್ಯಾದ ರಾಜ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳನ್ನು ಒಂದುಮಾಡಲು ಹೊರಟ. ಆಮೇಲೆ ಒಂದೇ ಆರಾಧನಾಪುಸ್ತಕ ಬಳಸಿ ಎಂದು ಒತ್ತಾಯ ಬಂತು. ಒಪ್ಪದ ಪಾದ್ರಿಗಳು ಜೈಲಿಗೆ ಹೋದರು. ಹಾಗೆ ಜೈಲು ಕಂಡ ಗ್ರಾಬೌ 1839ರಲ್ಲಿ ಸುಮಾರು ಸಾವಿರ ಜನರೊಂದಿಗೆ ಬಂದು, ಬಹುಪಾಲು ಜನ ಬಫಲೋದಲ್ಲಿ ನೆಲೆನಿಂತರು. ಜರ್ಮನಿಯ ಇನ್ನೊಂದು ಸಂಸ್ಥಾನವಾದ ಸ್ಯಾಕ್ಸನಿಯಲ್ಲಿ ಕಾಟ ಕೊಟ್ಟದ್ದು ಬೇರೆ: ಪಾದ್ರಿಗಳೇ ಸತ್ಯವೇದವನ್ನು ಬರೀ ತರ್ಕಕ್ಕೆ ಇಳಿಸಿದ್ದಾರೆ ಎಂಬ ಕೊರಗು. ಅಲ್ಲಿನ ಭಕ್ತರು ಡ್ರೆಸ್ಡನ್ನಿನ ಮಾರ್ಟಿನ್ ಸ್ಟೀಫನ್ ಎಂಬ ಪಾದ್ರಿಯ ಹಿಂದೆ ನಡೆದರು. 1838ರ ನವೆಂಬರಿನಲ್ಲಿ ಬ್ರೆಮನ್ ಕಡೆಯಿಂದ ಐದು ಹಡಗುಗಳಲ್ಲಿ ಸುಮಾರು 665 ಜನ ಹೊರಟರು. ಅಮಾಲಿಯಾ ಎಂಬ ಹಡಗು ಬರಲೇ ಇಲ್ಲ.

ಎಲ್ಲರ ಹಣವೂ ಒಂದೇ ನಿಧಿಯಲ್ಲಿ, ಅದರ ಮೇಲೆ ಹಿಡಿತ ಸ್ಟೀಫನ್ನರದು. ದಡ ಸೇರುವ ಮೊದಲೇ ಅವರನ್ನು ಬಿಷಪ್ ಎಂದು ಒಪ್ಪಿಕೊಂಡಾಗಿತ್ತು. ಸೇಂಟ್ ಲೂಯಿಗೆ ಬಂದ ಮೇಲೆ ಮಿಸೌರಿಯ ಪೆರಿ ಕೌಂಟಿಯಲ್ಲಿ ನೆಲ ಕೊಂಡರು. ಅಷ್ಟರಲ್ಲಿ ಹೆಂಗಸರೊಂದಿಗಿನ ನಡತೆಯ ಬಗ್ಗೆ, ಹಣದ ಬಗ್ಗೆ ಆರೋಪಗಳು ಹೊರಬಿದ್ದವು. 1839ರ ಮೇ 30ರಂದು ಅವರನ್ನು ಪದವಿಯಿಂದಿಳಿಸಿ, ಮಿಸಿಸಿಪ್ಪಿ ನದಿ ದಾಟಿಸಿ ಇಲಿನಾಯ್ ದಡದಲ್ಲಿ ಬಿಟ್ಟು ಬಂದರು.

ಈಗ ಉಳಿದವರ ಸ್ಥಿತಿ ನೆನೆದುಕೊಳ್ಳಿ. ಕೈಯಲ್ಲಿ ಕಾಸಿಲ್ಲ, ಜ್ವರದಲ್ಲಿ ಜನ ಸಾಯುತ್ತಿದ್ದಾರೆ, ನಂಬಿ ಬಂದವನೇ ಮೋಸ ಮಾಡಿದ್ದಾನೆ. ಬಿಷಪ್ ಹೋದ ಮೇಲೆ ನಾವು ಸಭೆ ಹೌದೋ ಅಲ್ಲವೋ? ನಮ್ಮ ಪಾದ್ರಿಗಳು ಪಾದ್ರಿಗಳೇ? ಊರು ಬಿಟ್ಟು ಬಂದದ್ದೇ ಪಾಪವೇ? ಎರಡು ವರ್ಷ ಈ ಪ್ರಶ್ನೆಗಳು ಜನರನ್ನು ತಿಂದವು. 1841ರ ಏಪ್ರಿಲಿನಲ್ಲಿ ಆಲ್ಟನ್‌ಬರ್ಗ್ ಹಳ್ಳಿಯಲ್ಲಿ ಬಹಿರಂಗ ವಾದ ನಡೆಯಿತು. ಒಂದು ಕಡೆ ವಕೀಲ ಮಾರ್ಬಾಖ್, ಇನ್ನೊಂದು ಕಡೆ ಇನ್ನೂ ಮೂವತ್ತು ತುಂಬದ ಪಾದ್ರಿ ಸಿ.ಎಫ್.ಡಬ್ಲ್ಯೂ. ವಾಲ್ಥರ್. ವಾಲ್ಥರ್ ಲೂಥರನ ಬರಹಗಳನ್ನೇ ಮುಂದಿಟ್ಟು ವಾದಿಸಿದರು: ದೇವರ ವಾಕ್ಯವೂ ಸಂಸ್ಕಾರಗಳೂ ಇರುವಲ್ಲಿ ಸಭೆ ಇದೆ, ಪಾದ್ರಿಯನ್ನು ಕರೆಯುವ ಅಧಿಕಾರ ಆ ಸಭೆಗೇ ಇದೆ. ಜನ ನೆಮ್ಮದಿಯ ಉಸಿರುಬಿಟ್ಟರು. 1847ರಲ್ಲಿ ಷಿಕಾಗೋದಲ್ಲಿ ಸ್ಥಾಪನೆಯಾದ ಮಿಸೌರಿ ಸಿನೋಡಿಗೆ ವಾಲ್ಥರ್ ಮೊದಲ ಅಧ್ಯಕ್ಷರು. ಬವೇರಿಯಾದ ಪಾದ್ರಿ ವಿಲ್ಹೆಲ್ಮ್ ಲೋಹೆ ಕಳಿಸಿದವರೂ ಅದರಲ್ಲಿ ಸೇರಿದ್ದರು. ಮಿಷಿಗನ್ನಿನ ಫ್ರಾಂಕನ್‌ಮೂತ್ ಊರು 1845ರಲ್ಲಿ ಅವರು ಕಟ್ಟಿಸಿದ್ದು.

ನಾರ್ವೆ, ಸ್ವೀಡನ್ನುಗಳಿಂದ ಮತ್ತೆ ಜನ ಬಂದದ್ದು ಯಾವಾಗ?

ರೆಸ್ಟೊರೇಷನ್ ಎಂಬ ಪುಟ್ಟ ಹಡಗು 1825ರ ಜುಲೈನಲ್ಲಿ ಸ್ಟಾವಾಂಗರ್ ಬಿಟ್ಟು ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸೇರಿತು. ಹೊರಟವರು 52, ಇಳಿದವರು 53: ದಾರಿಯಲ್ಲಿ ಮಗುವೊಂದು ಹುಟ್ಟಿತ್ತು. ಪಾದ್ರಿಯ ಅಪ್ಪಣೆಯಿಲ್ಲದೆ ಜನ ಪ್ರಾರ್ಥನೆಗೆ ಸೇರುವುದನ್ನು ನಾರ್ವೆಯಲ್ಲಿ 1741ರ ಕಾನೂನು ತಡೆದಿತ್ತು. ರೈತನ ಮಗ ಹಾನ್ಸ್ ನೀಲ್ಸನ್ ಹೌಗೆ ಹಳ್ಳಿ ಹಳ್ಳಿ ನಡೆದು ಬೋಧಿಸಿ ಅದೇ ಕಾನೂನಿನಡಿ ಸೆರೆ ಅನುಭವಿಸಿದರು. ಅವರ ಹಾದಿಯ ಎಲ್ಲಿಂಗ್ ಐಲ್ಸನ್ 1839ರಲ್ಲಿ ಬಂದರು.

ವಿಸ್ಕಾನ್ಸಿನ್ನಿನ ಮಸ್ಕೀಗೋದಲ್ಲಿ ನಡೆದದ್ದು ನನಗೆ ಬಹಳ ಇಷ್ಟವಾದ ಘಟನೆ. ಮಕ್ಕಳಿಗೆ ಪಾಠ ಹೇಳಲು ಕ್ಲಾಸನ್ ಎಂಬ ಡೇನಿಷ್ ಯುವಕ 1843ರಲ್ಲಿ ಬಂದರು. ಅಲ್ಲಿನ ನಾರ್ವೇಜಿಯನ್ನರು, ಮೇಷ್ಟ್ರಿಗಿಂತ ನಮಗೆ ಪಾದ್ರಿ ಬೇಕು, ನೀವೇ ಆಗಿ ಎಂದು ಕರೆಕೊಟ್ಟರು. ಹತ್ತಿರದ ಜರ್ಮನ್ ಪಾದ್ರಿಯೊಬ್ಬರು ಗುರುಪಟ್ಟ ಕೊಟ್ಟರು. ಫಾಲ್ಕ್‌ನರ್ ಕಾಲದ ಹಾಗೆಯೇ, 140 ವರ್ಷದ ನಂತರ, ಮೂರು ನಾಡಿನವರು ಸೇರಿ ಒಬ್ಬ ಪಾದ್ರಿಯಾದರು.

ಸ್ವೀಡಿಷ್ ಪಾದ್ರಿ ಲಾರ್ಸ್ ಪೌಲ್ ಎಸ್‌ಬ್ಯೋರ್ನ್ 1849ರಲ್ಲಿ ಇಲಿನಾಯ್‌ನ ಆಂಡೋವರ್‌ಗೆ ಬಂದರು. ಕಾಲರಾ ಜೊತೆಗೇ ಬಂತು. ಗಾಯಕಿ ಜೆನ್ನಿ ಲಿಂಡ್ ಕೊಟ್ಟ 1,500 ಡಾಲರಿನಿಂದ ಚರ್ಚ್ ಏಳುತ್ತಿದ್ದಾಗ, ಗೋಪುರಕ್ಕೆಂದು ತಂದ ಮರ ಶವಪೆಟ್ಟಿಗೆಗಳಿಗೆ ಹೋಯಿತೆಂದು ಊರವರು ಹೇಳುತ್ತಾರೆ. ನಾರ್ವೇಜಿಯನ್ನರು 1853ರಲ್ಲಿ ತಮ್ಮ ಸಿನೋಡ್ ಕಟ್ಟಿಕೊಂಡರು, ಸ್ವೀಡಿಷರ ಆಗಸ್ಟಾನಾ ಸಿನೋಡ್ 1860ರಲ್ಲಿ ಬಂತು.

ಒಂದೇ ನಂಬಿಕೆಯವರಿಗೆ ಇಷ್ಟೊಂದು ಸಿನೋಡ್ ಯಾಕೆ?

ಭಾಷೆ ಬೇರೆ, ಬಂದ ಕಾಲ ಬೇರೆ, ಊರು ಬಿಟ್ಟ ಕಾರಣ ಬೇರೆ. 1820ರಲ್ಲಿ ಕೆಲವು ಸಿನೋಡುಗಳು ಸೇರಿ ಜನರಲ್ ಸಿನೋಡ್ ಮಾಡಿಕೊಂಡವು. ಅದರ ಮುಂದಾಳು, ಗೆಟಿಸ್‌ಬರ್ಗ್ ಸೆಮಿನರಿ ಕಟ್ಟಿದ ಸ್ಯಾಮ್ಯುಯಲ್ ಶ್ಮುಕ್ಕರ್, 1855ರಲ್ಲಿ ಆಗ್ಸ್‌ಬರ್ಗ್ ಅರಿಕೆಯನ್ನೇ ಅಮೆರಿಕದ ಹದಕ್ಕೆ ತಿದ್ದಲು ಹೊರಟರು. ಅದೇ ಅರಿಕೆಗಾಗಿ ಜೈಲು ಕಂಡು ಹೊಸದಾಗಿ ಬಂದಿಳಿದವರಿಗೆ ಅದು ಸಹಿಸಲಾಗದ ಮಾತು. ಅವರ ಕೋಪ ನನಗೆ ನ್ಯಾಯವೆಂದೇ ತೋರುತ್ತದೆ.

ಇದಕ್ಕೂ ಕರ್ನಾಟಕಕ್ಕೂ ಏನಾದರೂ ನಂಟಿದೆಯೇ?

ಇದೆ. ಮಿಷಿಗನ್ನಿನ ಆನ್ ಆರ್ಬರ್ ಸುತ್ತ ನೆಲೆಸಿದ್ದ, ಜರ್ಮನಿಯ ವುರ್ಟೆಂಬರ್ಗಿನ ರೈತರು ಪಾದ್ರಿ ಬೇಕೆಂದು ಬಾಸೆಲ್ ಮಿಷನ್ನಿಗೆ ಬರೆದರು. ಮಿಷನ್ 1833ರಲ್ಲಿ ಫ್ರೆಡ್ರಿಕ್ ಶ್ಮಿಡ್ ಅವರನ್ನು ಕಳಿಸಿತು. ಮರುವರ್ಷ ಅದೇ ಮಿಷನ್ ಮಂಗಳೂರಿಗೆ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರನ್ನು ಕಳಿಸಿತು. ಬಾಸೆಲ್ ಮಿಷನ್ ಶುದ್ಧ ಲೂಥರನ್ ಸಂಸ್ಥೆಯಲ್ಲ, ಸ್ವಿಸ್ ರಿಫಾರ್ಮ್ಡ್ ಮತ್ತು ವುರ್ಟೆಂಬರ್ಗಿನ ಲೂಥರನ್ನರು ಕೂಡಿ ನಡೆಸಿದ್ದು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರತಂದ ಮೋಗ್ಲಿಂಗ್ ವುರ್ಟೆಂಬರ್ಗಿನವರೇ.

ಇನ್ನೊಂದು ನಂಟು ನೆರೆಯ ಆಂಧ್ರದ್ದು. ಜರ್ಮನಿಯಿಂದ ಹುಡುಗನಾಗಿ 1807ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಜಾನ್ ಕ್ರಿಶ್ಚಿಯನ್ ಫ್ರೆಡರಿಕ್ ಹೇಯರ್, ಅಮೆರಿಕದ ಲೂಥರನ್ನರು ಹೊರದೇಶಕ್ಕೆ ಕಳಿಸಿದ ಮೊದಲ ಮಿಷನರಿ. 1842ರ ಜುಲೈ 31ರಂದು ಗುಂಟೂರು ತಲುಪಿದರು. ನೂರು ವರ್ಷದ ಹಿಂದೆ ಪಾದ್ರಿ ಕಳಿಸಿ ಎಂದು ಯುರೋಪಿಗೆ ಬರೆಯುತ್ತಿದ್ದ ಸಭೆ ಈಗ ತಾನೇ ಕಳಿಸುವಷ್ಟಾಗಿತ್ತು. ಹೇಯರ್ ನಂತರ ಮಿನೆಸೋಟಾಕ್ಕೆ ಹೋಗಿ ಹೊಸ ವಲಸಿಗರ ನಡುವೆ ದುಡಿದು, ಎಪ್ಪತ್ತು ದಾಟಿದ ಮೇಲೆ 1869ರಲ್ಲಿ ಮತ್ತೆ ಗೋದಾವರಿ ದಡದ ರಾಜಮಂಡ್ರಿಗೆ ಬಂದರು.

ಈಗ ಹೋದರೆ ನೋಡಲು ಏನುಳಿದಿದೆ?

ಬೇಕಾದಷ್ಟಿದೆ. ಫಿಲಡೆಲ್ಫಿಯಾದ ಗ್ಲೋರಿಯಾ ಡೇಯಿಯ ಒಳಗೆ ತಲೆಯೆತ್ತಿ ನೋಡಿದರೆ ಕಲ್ಮಾರ್ ನೈಕೆಲ್ ಮತ್ತು ಫೋಗೆಲ್ ಗ್ರಿಪ್ ಹಡಗುಗಳ ಪುಟ್ಟ ಪ್ರತಿಕೃತಿಗಳು ತೂಗುತ್ತಿರುತ್ತವೆ. ಪ್ರಾವಿಡೆನ್ಸ್ ಎಂದಿದ್ದ ಊರು ಈಗ ಟ್ರ್ಯಾಪ್. ಅಲ್ಲಿ 1743ರಲ್ಲಿ ಮ್ಯೂಲೆನ್‌ಬರ್ಗ್ ಕಟ್ಟಿಸಿದ ಅಗಸ್ಟಸ್ ಚರ್ಚ್ ಇದೆ, ಪಕ್ಕದಲ್ಲಿ ಅವರ ಸಮಾಧಿ. ಮಸ್ಕೀಗೋದ ಮರದ ಚರ್ಚನ್ನು ಬಿಚ್ಚಿ ತಂದು ಸೇಂಟ್ ಪಾಲ್ ನಗರದ ಲೂಥರ್ ಸೆಮಿನರಿಯ ಆವರಣದಲ್ಲಿ ಮತ್ತೆ ಜೋಡಿಸಿದ್ದಾರೆ. ಎಬೆನೇಜರ್ ಊರು ಈಗಿಲ್ಲ. 1769ರಲ್ಲಿ ಮುಗಿದ ಅದರ ಇಟ್ಟಿಗೆಯ ಚರ್ಚ್ ಮಾತ್ರ ನಿಂತಿದೆ, ಭಾನುವಾರ ಈಗಲೂ ಅಲ್ಲಿ ಲೂಥರನ್ ಸಭೆ ಸೇರುತ್ತದೆ. ಗೋಡೆಯ ಹತ್ತಿರ ಹೋಗಿ ನೋಡಿ. ಹಸಿ ಇಟ್ಟಿಗೆ ಎತ್ತಿಟ್ಟವರ ಬೆರಳಿನ ಗುರುತುಗಳು ಸುಟ್ಟ ಮಣ್ಣಿನಲ್ಲಿ ಹಾಗೇ ಉಳಿದಿವೆ.